ಮೊದಲ ಜೇನು, ಕಪ್ಪು

ಚಿನ್ನದ ಬಣ್ಣವೆಂದೇ ಬರೆದಿತ್ತು ಪುಸ್ತಕದಲ್ಲಿ.
ನಲ್ಲಿ ತಿರುವಿದರೆ ಇಳಿದದ್ದು
ಕೌನಾಸ್ ಬಸ್ ಡಿಪೋದಲ್ಲಿ
ಮೂವತ್ತು ವರ್ಷ ನಾನು ಬಸಿದ
ಹಳೇ ಎಂಜಿನ್ ಆಯಿಲ್ಲು.

ಸುಟ್ಟಿತೇ? ಕೆಟ್ಟಿತೇ?
ಯಾದ್ವಿಗಾ ಬೆರಳದ್ದಿ ನೆಕ್ಕಿ,
ತುಸು ತಡೆದು, ‘ಬಕ್‌ವೀಟು’ ಅಂದಳು.

ನಮ್ಮಲ್ಲೆಲ್ಲಿದೆ ಬಕ್‌ವೀಟು?
ಇರುವುದು ಬೇಲಿಯಾಚೆ, ಜಿಗ್ಮಾಸನ ಹೊಲದಲ್ಲಿ:
ಜುಲೈ ಪೂರ್ತಿ ಬೆಳ್ಳಗೆ ಹೂ ಬಿಟ್ಟಿದ್ದನ್ನು
ನೋಡಿಯೂ ನೋಡದಂತಿದ್ದೆ.
ಒಂದು ಗಜ ಜಾಗಕ್ಕೆ ಮಾತು ಬಿಟ್ಟು
ಹನ್ನೊಂದು ವರ್ಷ.

ಅಷ್ಟು ಬಿಳಿ ಹೂವಿಗೆ ಇಷ್ಟು ಕಪ್ಪೇ!
ಕಿಟಕಿಗೆ ಹಿಡಿದರೆ ಅಂಚಿನಲ್ಲಷ್ಟೇ ಕೆಂಪು,
ದೂರ ಹೋದ ಬಸ್ಸಿನ
ಹಿಂಬದಿಯ ದೀಪದಷ್ಟು.

ಲೆಕ್ಕಕ್ಕೆ ಇದು ಕದ್ದ ಮಾಲು.
ಹುಳಕ್ಕೇನು ಗೊತ್ತು ಸರ್ವೆ ನಂಬರು?

ಸಂಜೆ ಅವನ ಬಾಗಿಲಲ್ಲಿ ನಿಂತಿದ್ದೇನೆ,
ಅಂಗೈಗೆ ಅಂಟಿಕೊಂಡ ಶೀಸೆ.
ಇನ್ನೂ ಬಡಿದಿಲ್ಲ.
ಅವನ ನಾಯಿ ಆಗಲೇ
ನನ್ನ ಬೆರಳು ನೆಕ್ಕುತ್ತಿದೆ.