ಆಲೂಗಡ್ಡೆ ಮಂಡಿಯಲ್ಲಿ ಮಂಗಳೂರು

ಮೇ ತಿಂಗಳು. ಹಾಸನದ ಮಂಡಿ.
ಜಲಂಧರದ ಲಾರಿಯಿಂದ ಇಳಿದ ಬಿತ್ತನೆ ಗಡ್ಡೆ
ಗುಡ್ಡೆ ಗುಡ್ಡೆ. ಕೊಳೆತದ್ದು ಎಡಕ್ಕೆ, ಮೊಳೆತದ್ದು ಬಲಕ್ಕೆ,
ನಮ್ಮ ಮಾತು ನಡುವೆ, ಯಾವ ತಕ್ಕಡಿಗೂ ಸಿಗದೆ.

ಶುರು ಮಾಡಿದ್ದು ಹೊಂಬಾಳಕ್ಕ:
'ಈ ಸಲ ಬಟವಾಡೆ ಆದದ್ದೇ ಮಂಗಳೂರಿಗೆ ಹೋಗ್ಬರಾಣ ಕಣ್ರೇ.
ಒಂದಿನ ಸಮುದ್ರ ನೋಡಾದು, ಒಂದಿನ ತಿನ್ನಾದು.'
'ನೋಡ್ತಾ ನೋಡ್ತಾ ತಿನ್ನಬಾರದಾ?' ಶಾಹೀನ್ ಕೇಳಿದಳು.
'ಬಾಯಿಗೆ ಮರಳು ಬೀಳ್ತದೆ' ಅಂದಳು ಅಕ್ಕ,
ನೋಡಿ ಬಂದವಳ ಹಾಗೆ.

ಏಳನೇ ಕ್ಲಾಸು ಓದಿದ್ದಕ್ಕೆ ಚೀಟಿ ಬರೆಯುವವಳು ನಾನು.
ತೂಕದ ಚೀಟಿ ತಿರುಗಿಸಿದರೆ ಬೆನ್ನೆಲ್ಲ ಖಾಲಿ.
ಬರೆದೆ: ಬಸ್ಸು. ಕೆಂಪು ಬಸ್ಸಾದರೆ ಹೆಂಗಸರಿಗೆ ಬಿಟ್ಟಿ,
ಆಧಾರ್ ಕಾರ್ಡು ಮರೆಯಬೇಡಿ.
ಬರೆದೆ: ರೂಮು. ಮುಂದೊಂದು ಗೆರೆ ಎಳೆದು ಬಿಟ್ಟೆ.
ಐದು ಹೆಂಗಸರಿಗೆ ರೂಮು ಅಂದರೆ ಏನೇನು ಕೇಳುತ್ತಾರೋ.

ನೋಡುವ ಪಟ್ಟಿ ಸುಲಭ: ಕದ್ರಿ ದೇವರು, ಉಳ್ಳಾಲದ ದರ್ಗಾ,
ಗೋಡೆ ತುಂಬ ಚಿತ್ರ ಬರೆದ ಚರ್ಚು.
ಎಲ್ಲರಿಗೂ ಎಲ್ಲ ಕಡೆ ಕೈ ಮುಗಿಯಲು ಬರುತ್ತದೆ.
ಕಷ್ಟ ಬಂದದ್ದು ಊಟಕ್ಕೆ.
ಆ ಪಟ್ಟಿಗೆ ಎರಡು ಲಾರಿ ಗಡ್ಡೆ ಹಿಡಿಯಿತು.
ದಾಕ್ಷಾಯಿಣಿ ಲಿಂಗ ಕಟ್ಟಿದವಳು: ನೀರುದೋಸೆ, ಬನ್ಸು, ಗೋಳಿಬಜೆ,
ಮೀನು ಕರಿಯದ ಎಣ್ಣೆ ಎಂದು ಆಣೆ ಮಾಡಿದರೆ.
ಲೂರ್ದಮ್ಮನಿಗೆ ಅಂಜಲ್, ರವೆ ಹಚ್ಚಿ, ಎರಡು ತುಂಡು;
ಕೆರೆ ಮೀನು ಎಷ್ಟು ತೊಳೆದರೂ ಕೆಸರು,
ಅದಾದರೆ ಹುಟ್ಟುತ್ತಲೇ ಉಪ್ಪು ಕುಡಿದದ್ದು.
ಶಾಹೀನ್‌ಗೆ ಕೋರಿರೊಟ್ಟಿ, ಹಲಾಲ್ ಎಂದು ಬೋರ್ಡಿದ್ದರೆ.
ಹೊಂಬಾಳಕ್ಕನಿಗೆ ಸೋಮವಾರ ಆಗದು, ಶನಿವಾರ ಆಗದು,
ಭಾನುವಾರ ಆಗುತ್ತದೆ, ಆದರೆ ಹಲ್ಲು ಎರಡೇ.
ಕೊನೆಗೆ ಐವರೂ ಕೂಡಿದ್ದು ಗಡ್‌ಬಡ್ ಐಸ್‌ಕ್ರೀಮಿನಲ್ಲಿ:
ಉದ್ದ ಗ್ಲಾಸು, ಉದ್ದ ಚಮಚ, ತಳದಲ್ಲಿ ನಡುಗುವ ಜೆಲ್ಲಿ,
ಕೇಳಿ ಗೊತ್ತು, ಅಷ್ಟೆ.

ದಾರಿ ಹೇಗೆ ಎಂದರು. ನೆಲದ ಮೇಲೆ ಗಡ್ಡೆ ಇಟ್ಟೆ:
ಇದು ಹಾಸನ. ದಪ್ಪದ್ದು, ನಮ್ಮದಲ್ಲವಾ.
ಇದು ಸಕಲೇಶಪುರ. ಇದು ದೋಣಿಗಾಲು. ಇಲ್ಲಿಂದ ಘಾಟಿ,
ಮಳೆ ಹಿಡಿದರೆ ಗುಡ್ಡ ಜಾರುತ್ತದೆ, ಜೂನಿನೊಳಗೆ ಹೋಗಬೇಕು.
ಗುಂಡ್ಯ, ನೆಲ್ಯಾಡಿ, ಉಪ್ಪಿನಂಗಡಿ, ಮಂಗಳೂರು.
ಅದಕ್ಕೆ ತಾಗಿಸಿ ಖಾಲಿ ಗೋಣಿಚೀಲ ಹಾಸಿ
ಹೊಂಬಾಳಕ್ಕ ಅಂದಳು: ಇದೇ ಸಮುದ್ರ. ಯಾರೂ ತುಳೀಬೇಡಿ.

ಅಲ್ಲಿಯ ತನಕ ತುಟಿ ಬಿಚ್ಚದ ವಾರಿಜ
ಎದ್ದು ಬಂದು, ಮಂಗಳೂರನ್ನು ಎರಡು ಬೆರಳಲ್ಲಿ ಎತ್ತಿ
ಗೋಣಿಯಿಂದ ಒಂದು ಗೇಣು ಹಿಂದಕ್ಕಿಟ್ಟಳು.
'ಬಸ್‌ಸ್ಟ್ಯಾಂಡಿಂದ ಸಮುದ್ರ ಕಾಣೂದಿಲ್ಲ ಮಾರಾಯ್ತಿ.
ಪಣಂಬೂರಿಗೆ ಇನ್ನೊಂದು ಬಸ್ಸು ಉಂಟು. ಸಂಜೆ ಹೋಗಿ,
ಮಧ್ಯಾಹ್ನ ಹೊಯಿಗೆ ಕಾಲು ಸುಡ್ತದೆ.
ಚಪ್ಪಲಿ ಕೈಯಲ್ಲಿ ಹಿಡ್ಕೊಳ್ಳಿ,
ತೆರೆಗೆ ಚಪ್ಪಲಿ ಅಂದ್ರೆ ಆಸೆ.'

ಹನ್ನೊಂದು ವರ್ಷ ಪಕ್ಕದಲ್ಲೇ ಕೂತು ಗಡ್ಡೆ ಆಯ್ದವಳು.
ಅವಳ ಊರು ಪುತ್ತೂರೋ ಎಲ್ಲೋ ಅಂದುಕೊಂಡಿದ್ದೆವು.
ದಕ್ಕೆಯಲ್ಲಿ ಸಿಗಡಿ ಸುಲಿಯುತ್ತಿದ್ದಳಂತೆ,
ಬೆಳಗಿನ ಮೂರರಿಂದ, ಮಂಜುಗಡ್ಡೆ ಕರಗಿದ ನೀರಲ್ಲಿ.
ಅವಳ ಉಗುರು ಅದಕ್ಕೇ ಹಾಗಿರಬೇಕು.
'ಗಡ್‌ಬಡ್ ತಿಂದಿದ್ದೀಯಾ?' ಶಾಹೀನ್ ಬಿಡಲಿಲ್ಲ.
'ಅಂಗಡಿ ಗೊತ್ತುಂಟು. ಎದುರಿಂದ ಹೋಗ್ತಿದ್ದೆ.'

ಚೀಟಿಯಲ್ಲಿ ಐದನ್ನು ಹೊಡೆದು ಆರು ಮಾಡಿದೆ.
ಬೇಡ ಅನ್ನಲಿಲ್ಲ. ಹೂಂ ಅಂತಲೂ ಅನ್ನಲಿಲ್ಲ.

ಅಷ್ಟರಲ್ಲಿ ರೈಟರ್ ಬಂದ: 'ಇದೇನಿದು ನೆಲದ ಮೇಲೆ?'
ಪೊರಕೆಯ ಹುಡುಗ ಘಾಟಿಯನ್ನು ಒಂದೇ ಎಳೆತಕ್ಕೆ ಬಳಿದ,
ಸಕಲೇಶಪುರ ಉಪ್ಪಿನಂಗಡಿ ಒಂದೇ ಬುಟ್ಟಿಗೆ.
ಮಂಗಳೂರು ದುದ್ದದ ಕಡೆಯ ಯಾರದೋ ಮೂಟೆ ಸೇರಿತು.
ಎರಡು ಕಣ್ಣು ಮೊಳೆತಿದ್ದವು ಅದಕ್ಕೆ, ನಾನೇ ನೋಡಿದ್ದೆ.

ಚೀಟಿ ಕುಬುಸದೊಳಗೆ ಭದ್ರ.
ಬೆವರಿಗೆ ಅಂಜಲ್ ಸ್ವಲ್ಪ ಕದಡಿದೆ,
ರೂಮಿನ ಮುಂದೆ ಗೆರೆ ಇನ್ನೂ ಗೆರೆಯೇ.
ಬಟವಾಡೆ ಶನಿವಾರ.

ಈವತ್ತು ಬೆಳಿಗ್ಗೆ, ಕೊಳೆತದ್ದೊಂದನ್ನು ಎಡಕ್ಕೆ ಎಸೆಯುತ್ತ,
ತಲೆ ಎತ್ತದೆ, ಯಾರಿಗೂ ಅಲ್ಲದ ಹಾಗೆ, ವಾರಿಜ:
'ಟವೆಲು ಎರಡೆರಡು ತನ್ನಿ.
ಉಪ್ಪು ಒಣಗಿದ್ರೆ ಮೈ ತುರಿಸ್ತದೆ.'