ತಾಂಡೇಲರ ಚೌಕಟ್ಟು

ಗ್ರೀನ್ ಸ್ಟ್ರೀಟಿನ ನನ್ನ ಅಂಗಡಿಗೆ
ಬಿಸ್ಕತ್ತಿನ ಡಬ್ಬಿ ಹಿಡಿದು ಬಂದರು ಪುರ್ಸು ತಾಂಡೇಲರು.
ಕಿವಿ ಮಂದ. ಬಾಯ್ಲರಿನ ಪಕ್ಕ ನಿಂತವರ ಹಾಗೆಯೇ
ಇಂದಿಗೂ ಮಾತು: ‘ನಾಲ್ಕಿವೆ. ಒಂದೇ ಫ್ರೇಮು. ಗಾಜು ದಪ್ಪ ಇರಲಿ,
ಬೈತಖೋಲದ ಉಪ್ಪುಗಾಳಿ ಏನನ್ನೂ ಬಿಡುವುದಿಲ್ಲ.’

ಸಂಗ್ರಾಮದ್ದು ಬೆಳ್ಳಿಯ ಬಣ್ಣ. ಬೆಳ್ಳಿಯಲ್ಲ,
ಪಕ್ಕದಂಗಡಿಯ ಶೇಟರು ಒರೆಗಲ್ಲು ತೆಗೆಯುವ ಮೊದಲೇ ನಕ್ಕರು.
ಒಂಬತ್ತು ವರ್ಷ ದುಡಿದದ್ದಕ್ಕೆ ಒಂದು.
ಸ್ವಾತಂತ್ರ್ಯಕ್ಕೆ ಇಪ್ಪತ್ತೈದು ತುಂಬಿದಾಗ ಎಲ್ಲರಿಗೂ ಕೊಟ್ಟದ್ದು ಒಂದು.
‘ಅಡುಗೆಯವನಿಗೂ ಸಿಕ್ಕಿತ್ತು’ ಎಂದರು,
‘ಅವನಿಗೇ ಮೊದಲು ಸಿಗಬೇಕಿತ್ತು.’
ಮತ್ತೆ ಪೂರ್ವೀ ಸ್ಟಾರ್, ರಿಬ್ಬನ್ನಿಗೆ ನುಸಿ ಹೊಡೆದದ್ದು.

ಯುದ್ಧ ಹೇಗಿತ್ತು, ಕೇಳಿದೆ, ಟೇಪು ಹಿಡಿದು.
‘ನೂರ ಹದಿನೆಂಟು ಡಿಗ್ರಿ.’
ಆಮೇಲೆ ಸುಮ್ಮನಾದರು. ನಾನು ಅಳತೆ ಬರೆದುಕೊಂಡೆ:
ಹದಿನಾಲ್ಕು ಇಂಚು, ಒಂಬತ್ತು.

ತಾಂಡೇಲ ಅಂದರೆ ದೋಣಿಯ ಹಿರಿಯ. ನೀರಿನ ಬಣ್ಣ ನೋಡಿ
ಬಂಗಡೆಯ ಹಿಂಡು ಎಲ್ಲಿದೆ ಹೇಳುವವ. ಇವರ ಅಜ್ಜ ಅಂಥವನಂತೆ,
ದೇವಗಡದ ದೀಪದಾಚೆಗೂ ಅವನ ಮಾತು ನಡೆಯುತ್ತಿತ್ತಂತೆ.
ಮೊಮ್ಮಗ ಹದಿನೇಳಕ್ಕೆ ನೌಕಾಪಡೆ ಸೇರಿ
ನೀರಿನ ಗೆರೆಯ ಕೆಳಗೆ ಇಳಿದ.
ಡಿಸೆಂಬರಿನ ಹದಿಮೂರು ದಿನ
ಸಮುದ್ರವನ್ನೇ ನೋಡಲಿಲ್ಲ.
ನೋಡಿದ್ದು ಗೇಜಿನ ಮುಳ್ಳು, ಬನಿಯನ್ನಿನ ಮೇಲೆ ಬಿಳಿಗಟ್ಟಿದ ಬೆವರು.
ಮೇಲೆ ಯಾರೋ ಗುಂಡು ಹಾರಿಸಿದರೆ
ಕೆಳಗೆ ತಗಡಿನ ಲೋಟ ಅರ್ಧ ಇಂಚು ಸರಿಯುತ್ತಿತ್ತು.
ಅಷ್ಟರಿಂದಲೇ ತಿಳಿಯಬೇಕು, ಹೊಡೆದದ್ದು ನಾವೋ ಅವರೋ.
ಸರಿದರೆ ನಾವು.
‘ಬಿದ್ದರೆ?’
‘ಬೀಳಲಿಲ್ಲ. ಚಾಕೋ ಹಿಡಿದುಕೊಂಡಿದ್ದ.’

ಧೂಳೊರೆಸಲು ನಕ್ಷತ್ರ ಮಗುಚಿದೆ.
ಬೆನ್ನಿಗೆ ಕೊರೆದ ನಂಬರು, ಕೊರೆದ ಹೆಸರು:
ಕೆ. ವಿ. ಚಾಕೋ.
ತಲೆಯೆತ್ತಿದರೆ ಅವರು ಗೋಡೆಯ ಮದುವೆ ಫೋಟೊ ನೋಡುತ್ತಿದ್ದರು,
ಯಾರ ಮದುವೆಯೋ.

‘ಹಂಚಿದ ದಿನ ಅದಲುಬದಲಾಯಿತು. ಮರುದಿನ ಗೊತ್ತಾಯಿತು.
ಇರಲಿ ಅಂದ ಅವ. ಇರಲಿ ಅಂದೆ ನಾನೂ.
ನನ್ನದು ಅಲೆಪ್ಪಿಯ ಯಾವುದೋ ಗೋಡೆಯ ಮೇಲಿದೆ.
ಗೋಡೆ ಕಟ್ಟಿದ್ದಾನೋ ಇಲ್ಲವೋ.’
ಕಾಗದ? ಎರಡು ಬಂದಿದ್ದವು. ಎಪ್ಪತ್ತೊಂಬತ್ತರಲ್ಲಿ ಒಂದು,
ಇನ್ನೊಂದರ ವರ್ಷ ನೆನಪಿಲ್ಲ.

‘ಮುಖ ಹೊರಗಿರಲಿ. ಬೆನ್ನು ಯಾಕೆ ಜನಕ್ಕೆ?’
ಮುಂಗಡ ಇನ್ನೂರು ಕೊಟ್ಟು ಡಬ್ಬಿ ವಾಪಸು ಕೇಳಿದರು,
ಮುಚ್ಚಳ ಸಮೇತ.
ಹೆಂಡತಿಗೆ ಒಣಸೀಗಡಿ ಹಾಕಿಡಲು ಬೇಕಂತೆ.

ರಾತ್ರಿ ಶಟರು ಅರ್ಧ ಎಳೆದು
ನೀಲಿ ಮಖಮಲ್ಲಿಗೆ ನಾಲ್ಕನ್ನೂ ಹೊಲಿದೆ.
ಮೊಳೆ ಹೊಡೆಯುವ ಮುನ್ನ ಬ್ಲೇಡು ತೆಗೆದು
ಬಟ್ಟೆ, ರಟ್ಟು ಎರಡನ್ನೂ ಕೊಯ್ದು, ನಕ್ಷತ್ರದ ಬೆನ್ನಿಗೆ ಸರಿಯಾಗಿ
ರೂಪಾಯಿಯಗಲ ಒಂದು ಕಿಂಡಿ ಬಿಟ್ಟೆ,
ಗೋಡೆಯ ಕಡೆಗೆ.

ಬಿಲ್ಲಿನಲ್ಲಿ ಅದನ್ನು ಬರೆಯಲಿಲ್ಲ.