ಮಿಕ್ಕಿದ್ದು ಮುನ್ನೂರ ಹತ್ತು

ಹದಿನಾಲ್ಕು ವರ್ಷ
ಪರ್ತಿನಿಂದ ನ್ಯೂಮನ್ನಿಗೆ, ನ್ಯೂಮನ್ನಿನಿಂದ ಪರ್ತಿಗೆ,
ಎರಡು ವಾರ ಅಲ್ಲಿ, ಒಂದು ವಾರ ಇಲ್ಲಿ,
ಗುಳೇದಗುಡ್ಡದ ಕುಣಿಮಗ್ಗದಲ್ಲಿ
ಅಪ್ಪ ಎಸೆಯುತ್ತಿದ್ದ ಲಾಳಿಯ ಹಾಗೆ.
ಬಟ್ಟೆ ಮಾತ್ರ ಕಾಣಲಿಲ್ಲ.

ನಸುಕಿನ ವಿಮಾನದಲ್ಲಿ ಎಲ್ಲರದೂ ಅದೇ ಹೊಳೆಯುವ ಹಳದಿ ಅಂಗಿ,
ಅದೇ ಗೊರಕೆ,
ಬೂಟಿನ ಸಂದಿಯಲ್ಲಿ ಅದೇ ಕೆಂಪು ಧೂಳು.
ಅವರು ಕಬ್ಬಿಣದ ಗುಡ್ಡ ಒಡೆಯುವವರು,
ನಾನು ಅವರಿಗೆ ಮೊಟ್ಟೆ ಒಡೆಯುವವಳು,
ದಿನಕ್ಕೆ ಒಂಬೈನೂರು.
ಚಂಪಾ ಎನ್ನಲು ಯಾರಿಗೂ ಪುರಸೊತ್ತಿಲ್ಲ.
‘ಚಾಂಪ್’ ಎಂದರು, ಅದೇ ನಿಂತಿತು.

ಮಂಡಿ ಸಾಕೆಂದಿತು, ಕೆಲಸ ಬಿಟ್ಟೆ.
ಮೂರನೇ ವಾರಕ್ಕೆ ಒಂದು ಕಾಗದ:
ನಿಮ್ಮ ಖಾತೆಯಲ್ಲಿರುವ ಮೈಲಿ
ಮೂವತ್ತೆಂಟು ಸಾವಿರದ ಮುನ್ನೂರ ಹತ್ತು.
ಜೂನ್ ಮೂವತ್ತು ದಾಟಿದರೆ ಸೊನ್ನೆ.

ಕೂತಲ್ಲೇ ಕೂತು, ಬಾಯಿ ತೆರೆದು ನಿದ್ದೆ ಹೋಗಿ
ಗಳಿಸಿದ್ದು ಇದೊಂದೇ ಆಸ್ತಿ.
ಉಳಿದದ್ದಕ್ಕೆಲ್ಲ ನಿಂತು ದುಡಿದಿದ್ದೇನೆ.

ಫೋನು ಹಿಡಿದು ನಲವತ್ತು ನಿಮಿಷ ಕಾದೆ.
ಪಿಯಾನೊ. ನಡುನಡುವೆ ಒಂದು ಗಂಡು ದನಿ,
ನೀವು ನಮಗೆ ಮುಖ್ಯ ಎನ್ನುತ್ತದೆ.
ಅಷ್ಟು ಸಲ ಯಾರೂ ಹೇಳಿರಲಿಲ್ಲ.
ಆಮೇಲೆ ಲೊರೇನ್ ಸಿಕ್ಕಳು.

‘ಹೋಗಿ ಬರುವುದಕ್ಕೋ, ಹೋಗುವುದಕ್ಕೆ ಮಾತ್ರವೋ?’

ತಡವರಿಸಿದೆ.
ಹೊಸ್ತಿಲಲ್ಲಿ ಒಮ್ಮೆ ‘ಹೊಕ್ಕೀನಿ’ ಅಂದಿದ್ದಕ್ಕೆ
ಅವ್ವ ರೊಟ್ಟಿಹಿಟ್ಟಿನ ಕೈಯಲ್ಲೇ ಓಡಿಬಂದಿದ್ದಳು:
‘ಹಂಗ ಅನಬಾರದು, ಹೋಗಿ ಬರ್ತೀನಿ ಅನಬೇಕು.’
ನಮ್ಮ ಕಡೆ ಹೋಗುವುದಕ್ಕೆ ಮಾತ್ರ ಹೋಗುವವರನ್ನು
ನಾಲ್ಕು ಮಂದಿ ಹೊತ್ತು ಒಯ್ಯುತ್ತಾರೆ.
ಇದನ್ನೆಲ್ಲ ಲೊರೇನಳಿಗೆ ಹೇಗೆ ಹೇಳಲಿ?
‘ಮಾತ್ರ’ ಅಂದೆ.

ಅವಳು ನಿಯಮ ಹೇಳಿದಳು,
ಕರೆಂಟ್ ಬಿಲ್ಲಿನ ಬೆನ್ನಿಗೆ ಬರೆದುಕೊಂಡೆ:
ಇಪ್ಪತ್ನಾಲ್ಕು ಗಂಟೆಯೊಳಗೆ ಮುಂದೆ ಹೊರಟರೆ ಅದು ಕಾಯುವುದು,
ಮೀರಿದರೆ ತಂಗುವುದು.
(ನ್ಯೂಮನ್ನಿನಲ್ಲಿ ನಾನು ಮಾಡಿದ್ದು ಯಾವುದು, ಕೇಳಲಿಲ್ಲ.)
ಒಂದೂರಲ್ಲಿ ಇಳಿದು ಇನ್ನೊಂದೂರಲ್ಲಿ ಹತ್ತಬಹುದು,
ನಡುವಿನ ನೆಲ ನಿಮ್ಮ ಪಾಡು.
ಅದಕ್ಕೆ ಅವರಿಟ್ಟ ಹೆಸರು ತೆರೆದ ದವಡೆ.
ಮೈಲಿ ಕೊಟ್ಟರೂ ತೆರಿಗೆ ರೊಕ್ಕದಲ್ಲೇ.
ಪುಣ್ಯ ತೀರಿದವರನ್ನು ಸ್ವರ್ಗದಿಂದ ಕೆಳಗೆ ತಳ್ಳುತ್ತಾರೆಂದು
ಪುರಾಣದಯ್ಯ ಹೇಳುತ್ತಿದ್ದ.
ಇಲ್ಲಿ ಇಳಿಸುವ ಮುಂಚೆ ಬಿಸ್ಕತ್ತು ಕೊಡುತ್ತಾರೆ.

ಮೊದಲು ಅಡಿಲೇಡ್. ಅಲ್ಲಿ ಡಾರ್ಕೊ,
ಮನೆಯಷ್ಟೆತ್ತರದ ಲಾರಿ ಓಡಿಸುತ್ತಿದ್ದವ,
ಈಗ ಟೊಮೆಟೊ ಬಳ್ಳಿಗೆ ಕೋಲು ಕಟ್ಟುತ್ತಾನೆ.
ಮೊಟ್ಟೆಯ ಮೇಲೆ ನನ್ನ ಶೇಂಗಾ ಚಟ್ನಿಪುಡಿ
ಉದುರಿಸಿ ತಿಂದ ಮೊದಲಿಗ.
ಅಲ್ಲಿಂದ ಮಿಲ್ಡೂರಾವರೆಗೆ ಬಸ್ಸು, ದವಡೆಯೊಳಗೆ.
ಆಮೇಲೆ ಮೆಲ್ಬರ್ನ್, ಬರೀ ಕಾಯುವುದು.
ಆಮೇಲೆ ಲಾನ್ಸೆಸ್ಟನ್.
ಅಲ್ಲಿ ಬೆವರ್ಲಿ. ಹನ್ನೊಂದು ವರ್ಷ ನನ್ನ ಪಕ್ಕದ ಒಲೆ.
ಸೆಪ್ಟೆಂಬರಿನಿಂದ ಅವಳ ಫೋನು ಮಗಳು ಎತ್ತುತ್ತಾಳೆ,
ಅಮ್ಮ ಮಲಗಿದ್ದಾಳೆ ಎನ್ನುತ್ತಾಳೆ.
ಎಷ್ಟು ಅಂತ ಮಲಗುತ್ತಾರೆ ಯಾರಾದರೂ.

‘ಅಲ್ಲಿಂದ ಮುಂದೆ?’
‘ಗೊತ್ತಿಲ್ಲ.’
‘ಇರಲಿ. ದಿನಾಂಕ ಆಮೇಲೂ ಬದಲಿಸಬಹುದು, ಚಂಪಾ.’
ಪರದೆಯ ಮೇಲಿತ್ತು, ಓದಿದಳು, ಅಷ್ಟೆ.
ಆದರೂ ಪೆನ್ನು ಕೆಳಗಿಟ್ಟೆ.

ಕಳೆದು ಕೂಡಿಸಿ ಮಿಕ್ಕಿದ್ದು ಮುನ್ನೂರ ಹತ್ತು.
ಅದಕ್ಕೆ ಟೋಸ್ಟರೂ ಬರುವುದಿಲ್ಲವಂತೆ.
ಖಣ ಮುಗಿದಾಗ ಅಪ್ಪನೂ
ಹಳೇ ಹಾಸಿನ ಗೇಣುದ್ದ ತುದಿ ನೇಯದೆ ಬಿಡುತ್ತಿದ್ದ,
ಹೊಸ ಎಳೆಗಳನ್ನು ಅದಕ್ಕೇ ಕೆಚ್ಚಲು.

‘ಬೇರೆ ಏನಾದರೂ?’
‘ಬರ್ತೀನಿ’ ಅಂದುಬಿಟ್ಟೆ, ಬಾಯಿತಪ್ಪಿ.
‘ಸಾರಿ?’ ಅಂದಳು ಲೊರೇನ್.

ಏನಿಲ್ಲ ಅಂದೆ.
ಶೇಂಗಾ ಹುರಿಯುವುದಿತ್ತು.